ಮದ್ದೂರು ಗೇಟು ಮತ್ತು ಡಬಲ್ ಪಾಯಿಂಟ್ ಬಲ್ಬು

ಮದ್ದೂರು ಎಂದ ಕೂಡಲೇ ವಡೆ ನೆನಪಾದವರು ಮಂಡ್ಯದ ಕಡೆ ಹೋಗಬೇಕು. ನಾನು ಹೇಳುತ್ತಿರುವುದು ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು. ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ ಹೊಲಗಳು ಮುಗಿದು ಬಂಡೀಪುರದ ಕಾಡು ಶುರುವಾಗುವ ಜಾಗ. ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಇರುವುದೂ ಇಲ್ಲೇ. ಇದನ್ನು ದಾಟಿದರೆ ಕೇರಳ ಗಡಿಯ ಮೂಲೆಹೊಳೆಯ ತನಕ ಬರೀ ಕಾಡು. ನಡುವೆ ಬ್ರೇಕ್ ಲೈಟಿನ ಬಲ್ಬು ಹೋದರೆ ಕೊಳ್ಳಲು ಅಂಗಡಿಯಿಲ್ಲ, ಗಾಡಿ ನಿಲ್ಲಿಸಿ ಇಳಿದು ನೋಡುವ ಹಾಗೂ ಇಲ್ಲ. ಗುಂಡ್ಲುಪೇಟೆಯಲ್ಲಿ ಆಟೋ ಎಲೆಕ್ಟ್ರಿಕಲ್ಸ್ ಅಂಗಡಿ ಇಟ್ಟು ಬದುಕಿದವನು ನಾನು. ಈ ರಸ್ತೆಯ ಚರಿತ್ರೆಯನ್ನು ನಾನು ಓದಿಕೊಂಡಿದ್ದು ಗಾಡಿಗಳ ಹಿಂಬದಿಯಿಂದ.

ನಮ್ಮಪ್ಪ ಇದೇ ರಸ್ತೆಯಲ್ಲಿ ಲಾರಿ ಓಡಿಸಿದವರು. ಅವರ ಕಾಲದಲ್ಲಿ ಬ್ರೇಕ್ ಲೈಟ್ ಎಂದರೆ ಕೈ. ನಿಧಾನ ಮಾಡುವಾಗ ಬಲಗೈ ಹೊರಗೆ ಚಾಚಿ, ಅಂಗೈ ಕೆಳಗೆ ಮಾಡಿ, ಮೇಲೆ ಕೆಳಗೆ ಆಡಿಸಬೇಕು. ನಿಲ್ಲಿಸುವಾಗ ಮುಂಗೈ ನೆಟ್ಟಗೆ ಮೇಲೆತ್ತಬೇಕು. ಎಡಗಡೆಯ ಕೆಲಸ ಕ್ಲೀನರ್ ಹುಡುಗನದು. ಇದು ಬರೀ ರೂಢಿಯ ಮಾತಲ್ಲ, ಕಾನೂನೂ ಹೌದು. 1939ರ ಮೋಟಾರು ವಾಹನ ಕಾಯ್ದೆ ಚಾಲಕನ ಕೈಸನ್ನೆಗಳನ್ನು ಹೇಳಿ, ತಿರುಗುವುದಕ್ಕೂ ನಿಲ್ಲುವುದಕ್ಕೂ ಕೈಯ ಬದಲು ಗಾಡಿಗೆ ಜೋಡಿಸಿದ ಯಂತ್ರದ ಅಥವಾ ವಿದ್ಯುತ್ತಿನ ಸಾಧನವನ್ನು ಬಳಸಬಹುದು ಎಂದು ಒಂದು ವಿನಾಯಿತಿ ಕೊಟ್ಟಿತ್ತು. ಬ್ರೇಕ್ ಲೈಟು ನಮ್ಮ ದೇಶದ ಕಾನೂನಿನಲ್ಲಿ ಕೈಯ ಬದಲಿಗೆ ಬಂದಿದ್ದು ಹಾಗೆ. ಈಗಿನವರು ಕೈ ಹೊರಗೆ ಹಾಕುವುದು ಟೋಲ್‌ನಲ್ಲಿ ಮಾತ್ರ, ಫಾಸ್ಟ್‌ಟ್ಯಾಗ್ ಬಂದ ಮೇಲೆ ಅದೂ ಇಲ್ಲ.

ನಾನು ಕೆಲಸ ಕಲಿಯುವಾಗ ಅಂಗಡಿಗೆ ಬರುತ್ತಿದ್ದದ್ದು ಅಂಬಾಸಿಡರ್, ಫಿಯೆಟ್, ಮಹೀಂದ್ರ ಜೀಪು, ಮೆಟಡೋರ್ ಇಷ್ಟೇ. ಆಮೇಲೆ ಮಾರುತಿ ಬಂತು. 1983ರ ಕೊನೆಯಲ್ಲಿ ಮೊದಲ ಮಾರುತಿ 800ರ ಕೀಲಿ ಕೊಟ್ಟರು. ಅದು ನಮ್ಮೂರ ಬೀದಿಯಲ್ಲಿ ಮಾಮೂಲಾಗಲು ಇನ್ನೂ ಸುಮಾರು ವರ್ಷ ಹಿಡಿಯಿತು. ಗಾಡಿ ಬದಲಾಯಿತೇ ಹೊರತು ಹಿಂದಿನ ಬಲ್ಬು ಬದಲಾಗಲಿಲ್ಲ. ಅಂಬಾಸಿಡರ್‌ಗೆ ಹಾಕುತ್ತಿದ್ದ ಡಬಲ್ ಪಾಯಿಂಟ್ ಬಲ್ಬನ್ನೇ ಮಾರುತಿಗೂ ಹಾಕಿದೆ. 12 ವೋಲ್ಟ್, 21/5 ವ್ಯಾಟ್.

ಆ ಬಲ್ಬನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಗಾಜಿನೊಳಗೆ ಎರಡು ಫಿಲಮೆಂಟ್. ಸಣ್ಣದು 5 ವ್ಯಾಟ್, ಹೆಡ್‌ಲೈಟಿನ ಜೊತೆ ಸುಮ್ಮನೆ ಉರಿಯುವ ಟೈಲ್ ಲ್ಯಾಂಪು. ದೊಡ್ಡದು 21 ವ್ಯಾಟ್, ಬ್ರೇಕ್ ತುಳಿದಾಗ ಮಾತ್ರ ಹತ್ತುವುದು. ತಳದಲ್ಲಿ ಸೀಸದ ಎರಡು ಚುಕ್ಕಿ, ಅವೇ ಪಾಯಿಂಟುಗಳು. ಹಿತ್ತಾಳೆಯ ಕ್ಯಾಪಿನ ಎರಡು ಬದಿಗೆ ಎರಡು ಪಿನ್ನು. ಮನೆಯ ಬಲ್ಬಿನ ಹಾಗೆಯೇ ಒತ್ತಿ ತಿರುಗಿಸಿದರೆ ಕೂರುತ್ತದೆ. ಆದರೆ ಮನೆಯ ಬಲ್ಬಿನ ಪಿನ್ನುಗಳು ಒಂದೇ ಎತ್ತರದಲ್ಲಿರುತ್ತವೆ, ಇದರಲ್ಲಿ ಒಂದು ಮೇಲೆ, ಒಂದು ಕೆಳಗೆ. ಹಾಗಾಗಿ ಹೋಲ್ಡರಿಗೆ ಇದು ಒಂದೇ ದಿಕ್ಕಿನಲ್ಲಿ ಹೋಗುತ್ತದೆ. ತಿರುಗಿಸಿ ಹಾಕಲು ಹೋದರೆ ಕೂರುವುದೇ ಇಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಅವಸರದಲ್ಲಿ ಹಾಕುವವನಿಗೂ ತಪ್ಪು ಮಾಡಲು ಬಿಡದ ಹಾಗೆ ಯಾರೋ ಪುಣ್ಯಾತ್ಮರು ಯೋಚಿಸಿದ್ದಾರೆ.

ನಮ್ಮವರು ಆ ಪುಣ್ಯಾತ್ಮರನ್ನೂ ಮೀರಿಸಿದರು. ಕೂರದ ಬಲ್ಬಿನ ಪಿನ್ನನ್ನು ಅರದಲ್ಲಿ ಉಜ್ಜಿ ಕೂರಿಸಿದರು! ಒಂದು ಸಲ ತೆರಕಣಾಂಬಿ ಕಡೆಯಿಂದ ತರಕಾರಿ ತುಂಬಿಕೊಂಡು ಬಂದ ವ್ಯಾನಿನವನು ಅಂಗಡಿ ಮುಂದೆ ನಿಂತ. “ಅಣ್ಣೋ, ಲೈಟ್ ಹಾಕುದ್ರ ಹಿಂದ್ಗಡ ಜೋರಾಗಿ ಉರೀತದ, ಬ್ರೇಕ್ ತುಳುದ್ರ ಮಿಣಮಿಣ ಅಂತದ, ಏನಾಗದ ನೋಡಣ್ಣ” ಅಂದ. ಬಿಚ್ಚಿ ನೋಡಿದರೆ ಒಂದು ಪಿನ್ನು ಪೂರ್ತಿ ಸವೆದಿದೆ. ಬಲ್ಬು ಉಲ್ಟಾ ಕೂತು ಬ್ರೇಕಿನ ಕರೆಂಟು 5 ವ್ಯಾಟಿಗೆ, ಟೈಲ್ ಲ್ಯಾಂಪಿನದು 21 ವ್ಯಾಟಿಗೆ ಹೋಗುತ್ತಿತ್ತು. ಹಿಂದಿನವನಿಗೆ ಈ ವ್ಯಾನು ಗುಂಡ್ಲುಪೇಟೆಯಿಂದ ಬತ್ತೇರಿಯವರೆಗೂ ಬ್ರೇಕ್ ಹಿಡಿದುಕೊಂಡೇ ಹೋಗುತ್ತಿರುವ ಹಾಗೆ ಕಂಡಿರಬೇಕು.

ಸಿಂಗಲ್ ಪಾಯಿಂಟ್ ಬಲ್ಬು ಬೇರೆ ಇದೆ. ಬ್ರೇಕಿಗೆ ಪ್ರತ್ಯೇಕ ಹೋಲ್ಡರ್ ಇರುವ ಗಾಡಿಗೆ ಅದು. ಒಂದೇ ಫಿಲಮೆಂಟು, 21 ವ್ಯಾಟು, ಪಿನ್ನುಗಳು ಎದುರುಬದುರು, ಒಂದೇ ಮಟ್ಟ. ಇಂಡಿಕೇಟರಿನ ಹಳದಿ ಗಾಜಿನ ಬಲ್ಬಿನ ಪಿನ್ನುಗಳು ಪೂರಾ ಎದುರುಬದುರಿಲ್ಲ, ಸ್ವಲ್ಪ ಓರೆ. ಬಿಳಿಯದರ ಜಾಗಕ್ಕೆ ಹಳದಿ ಹೋಗಬಾರದು ಅಂತ. ಇತ್ತೀಚಿನ ಕೆಲವು ಕಾರುಗಳಲ್ಲಿ ಹಿತ್ತಾಳೆಯೂ ಇಲ್ಲ, ಪಿನ್ನೂ ಇಲ್ಲ, ಗಾಜಿನ ಬುಡವನ್ನೇ ನೇರ ಚುಚ್ಚುವುದು. ಇಷ್ಟೂ ಹೇಳಿದ್ದರ ಸಾರ, ಅಂಗಡಿಗೆ ಬರುವಾಗ ಹಳೇ ಬಲ್ಬನ್ನು ಬಿಚ್ಚಿ ತನ್ನಿ. “ಬ್ರೇಕ್ ಲೈಟ್ ಬಲ್ಬ್ ಕೊಡಿ” ಅಂದರೆ ಯಾವ ಅಂಗಡಿಯವನೂ ಸರಿಯಾದ್ದನ್ನು ಕೊಡಲಾರ.

ವೋಲ್ಟಿನ ತಂಟೆ ನಮ್ಮೂರಲ್ಲಿ ಸ್ವಲ್ಪ ಜಾಸ್ತಿ. ಮೈಸೂರಿನಿಂದ ಬರುವ ದಾರಿ ಇಲ್ಲಿ ಕವಲೊಡೆದು ಒಂದು ಊಟಿಗೂ ಒಂದು ಬತ್ತೇರಿಗೂ ಹೋಗುವುದರಿಂದ ಲಾರಿಗಳು ಬಹಳ. ದೊಡ್ಡ ಲಾರಿ, ಬಸ್ಸುಗಳದು 24 ವೋಲ್ಟು, ಕಾರಿನದು 12. ನೋಡಲು ಎರಡೂ ಬಲ್ಬು ಅಣ್ಣತಮ್ಮ. ಲಾರಿಯದು ಕಾರಿಗೆ ಬಿದ್ದರೆ ಮಂಕಾಗಿ ಉರಿಯುತ್ತದೆ, ಕಾರಿನದು ಲಾರಿಗೆ ಬಿದ್ದರೆ ಬೇಗ ಸುಟ್ಟುಹೋಗುತ್ತದೆ. ಕ್ಯಾಪಿನ ಮೇಲೆ ಕೊರೆದ ಅಕ್ಷರವನ್ನು ಬೆಳಕಿಗೆ ಹಿಡಿದು ಓದದೆ ನಾನು ಯಾವ ಬಲ್ಬನ್ನೂ ಗಿರಾಕಿಯ ಕೈಗೆ ಕೊಟ್ಟವನಲ್ಲ.

ಮದ್ದೂರಿನ ರಸ್ತೆಯ ಚಾಳಿ ಬದಲಾಗಿದ್ದು 2009ರಲ್ಲಿ. ಮೈಸೂರು ಮಹಾರಾಜರ ಕಾಲದ ವೇಣುಗೋಪಾಲ ವನ್ಯಧಾಮ ಬೆಳೆದು, 1973ರಲ್ಲಿ ಹುಲಿ ಯೋಜನೆಗೆ ಸೇರಿದ ಕಾಡಿದು. ರಾತ್ರಿ ಗಾಡಿಗಳಿಗೆ ಸಿಕ್ಕಿ ಸಾಯುವ ಪ್ರಾಣಿಗಳ ಲೆಕ್ಕ ಏರುತ್ತಾ ಹೋಯಿತು. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ಆಗಿನ 212 ಮತ್ತು 67ನೇ ಹೆದ್ದಾರಿಗಳಲ್ಲಿ, ಅಂದರೆ ಬತ್ತೇರಿ ಮತ್ತು ಊಟಿ ರಸ್ತೆಗಳಲ್ಲಿ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ಆ ಆದೇಶ ಕೆಲವೇ ದಿನಕ್ಕೆ ವಾಪಸಾಯಿತು, ವಿಷಯ ಹೈಕೋರ್ಟಿಗೆ ಹೋಗಿ ಮತ್ತೆ ಜಾರಿಯಾಯಿತು, 2010ರ ಮಾರ್ಚ್‌ನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. 2019ರಲ್ಲಿ ಬತ್ತೇರಿಯಲ್ಲಿ ನಿಷೇಧದ ವಿರುದ್ಧ ಉಪವಾಸವೇ ನಡೆಯಿತು. ತುರ್ತು ವಾಹನಗಳನ್ನೂ ಕೆಲವು ಸರ್ಕಾರಿ ಬಸ್ಸುಗಳನ್ನೂ ಬಿಟ್ಟರೆ ರಾತ್ರಿ ಗೇಟು ತೆರೆಯುವುದಿಲ್ಲ. ವ್ಯಾಪಾರಕ್ಕೆ ಹೊಡೆತ ಬಿತ್ತು ಎಂದು ಬೈದವರು ನಮ್ಮ ಬೀದಿಯಲ್ಲೂ ಇದ್ದರು. ನನಗೆ ಮಾತ್ರ ನಿಷೇಧ ಸರಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ.

ಆದರೆ ಅದರಿಂದ ಹೊಸದೊಂದು ಅವಸರ ಹುಟ್ಟಿಕೊಂಡಿತು. ಗೇಟು ಮುಚ್ಚುವ ಮುಂಚೆ ನುಗ್ಗಿಬಿಡಬೇಕು ಎಂದು ಎಂಟು ಗಂಟೆಯ ಮೇಲೆ ಗಾಡಿಗಳು ಒಂದರ ಬಾಲಕ್ಕೊಂದು ಅಂಟಿಕೊಂಡು ಓಡುತ್ತವೆ. ಒಳಗೆ ರಸ್ತೆಗೆ ಅಡ್ಡಲಾಗಿ ಹಂಪುಗಳು. ಹಂಪಿಲ್ಲದ ಕಡೆ ಜಿಂಕೆ, ಕಾಟಿ, ಕೆಲವೊಮ್ಮೆ ಆನೆ. ಮುಂದಿನವನು ತಟ್ಟನೆ ಬ್ರೇಕ್ ಹೊಡೆದರೆ ಹಿಂದಿನವನಿಗೆ ಗೊತ್ತಾಗುವುದು ಆ 21 ವ್ಯಾಟಿನಿಂದ ಮಾತ್ರ. ಬೀದಿದೀಪವಿಲ್ಲದ ಕತ್ತಲಲ್ಲಿ 5 ವ್ಯಾಟಿಗೂ 21 ವ್ಯಾಟಿಗೂ ಇರುವ ವ್ಯತ್ಯಾಸದ ಮೇಲೆ ಜನರ ಪ್ರಾಣವೂ ನಿಂತಿದೆ, ಜಿಂಕೆಯ ಪ್ರಾಣವೂ ನಿಂತಿದೆ.

ಈಗ ಗಿರಾಕಿಗಳೆಲ್ಲ ಎಲ್‌ಇಡಿ ಕೇಳುತ್ತಾರೆ. ಅದರಲ್ಲಿ ಒಂದು ನಿಜವಾದ ಗುಣವಿದೆ. ಫಿಲಮೆಂಟು ಕಾದು ಪೂರಾ ಬೆಳಗಲು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು, ಎಲ್‌ಇಡಿ ತಕ್ಷಣ ಹತ್ತುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ 3 ಮೀಟರ್ ಮುಂದೆ ಹೋಗಿರುತ್ತದೆ. ಕಂಪನಿಯೇ ಎಲ್‌ಇಡಿ ಕೂರಿಸಿದ ಕಾರಾದರೆ ಬಹಳ ಒಳ್ಳೆಯದು. ಆದರೆ ಬಲ್ಬಿಗೆಂದು ಮಾಡಿದ ಲ್ಯಾಂಪಿಗೆ ಸಿಕ್ಕ ಎಲ್‌ಇಡಿ ತುರುಕಿದರೆ ಬೆಳಕು ಎಲ್ಲೆಲ್ಲಿಗೋ ಹರಡುತ್ತದೆ, ಟೈಲ್ ಲ್ಯಾಂಪಿಗೂ ಬ್ರೇಕಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದರಂತೂ ಅರ್ಧಕ್ಕರ್ಧ ದಂಡ. ಜೋರಾಗಿ ಉರಿಯಲಿ ಎಂದು ಹೆಚ್ಚು ವ್ಯಾಟಿನ ಬಲ್ಬು ಹಾಕಿಸುವವರೂ ಇದ್ದಾರೆ. ಅವರ ಪ್ಲಾಸ್ಟಿಕ್ ಲ್ಯಾಂಪು ಕರಗಿ ಸೊಟ್ಟಗಾಗಿದ್ದನ್ನು ಬಿಚ್ಚಿ ಎಸೆದಿದ್ದೇನೆ.

ಎಷ್ಟೋ ಸಲ ತಪ್ಪು ಬಲ್ಬಿನದೂ ಅಲ್ಲ. ನೀರು ಇಳಿದು ಹೋಲ್ಡರ್ ಹಸಿರುಗಟ್ಟಿ ಅರ್ತ್ ಹೋಗಿರುತ್ತದೆ. ಬ್ರೇಕ್ ತುಳಿದರೆ ಇಂಡಿಕೇಟರೂ ಮಿಣುಕುತ್ತಿದ್ದರೆ ಹೊಸ ಬಲ್ಬಿಗೆ ದುಡ್ಡು ಹಾಕಬೇಡಿ, ಅರ್ತ್ ತಂತಿ ಬಿಚ್ಚಿ ಉಪ್ಪುಕಾಗದದಲ್ಲಿ ಉಜ್ಜಿ ಕಟ್ಟಿಸಿ.

ಬತ್ತೇರಿ ಕಡೆ ಹೊರಟವರಿಗೆ ಒಂದು ಮಾತು. ಗುಂಡ್ಲುಪೇಟೆಯಲ್ಲಿ ಟೀ ಕುಡಿಯಲು ನಿಲ್ಲಿಸಿದಾಗ ಕಾರನ್ನು ಯಾವುದಾದರೂ ಗೋಡೆಗೆ ಹಿಂಬದಿ ಮಾಡಿ ನಿಲ್ಲಿಸಿ, ಬ್ರೇಕ್ ತುಳಿದು ಕನ್ನಡಿಯಲ್ಲಿ ನೋಡಿ. ಗೋಡೆಯ ಮೇಲೆ ಎರಡೂ ಕಡೆ ಕೆಂಪು ಬೀಳಬೇಕು. ಒಂದೇ ಕಡೆ ಬಿದ್ದರೆ ಮದ್ದೂರು ಗೇಟಿನ ತನಕ ಹೋಗಬೇಡಿ, ಇಲ್ಲೇ ಹಾಕಿಸಿಕೊಳ್ಳಿ. ಎರಡು ಮದ್ದೂರು ವಡೆಯ ದುಡ್ಡು, ಐದು ನಿಮಿಷದ ಕೆಲಸ.