ಫೈರ್ ಗಾಡಿ ನೀರು ಎಷ್ಟು ನಿಮಿಷ ಬರ್ತದೆ? ಅಬಲೂರು ಸುತ್ತಲಿನವರು ತಿಳಿದಿರಬೇಕಾದ ಲೆಕ್ಕ

ಹಿರೇಕೆರೂರು: ಸುಗ್ಗಿ ಮುಗಿದು ಬಣವಿ ಒಟ್ಟಿದ ಮೇಲೆ ಮಳೆಗಾಲ ಹಿಡಿಯೋ ತನಕ ನಮ್ಮ ಕಡೆ ಬೆಂಕಿ ಭಯ ಜಾಸ್ತಿ. ಸರ್ವಜ್ಞನ ಹೆಸರಿನ ಜೊತೆ ಕೇಳಿಬರುವ ಅಬಲೂರಿನಲ್ಲಿ ಬಣವಿಗೋ ಅಂಗಡಿಗೋ ಬೆಂಕಿ ಬಿದ್ದರೆ ಗಾಡಿ ತಾಲ್ಲೂಕು ಕೇಂದ್ರದಿಂದಲೇ ಬರಬೇಕು. ಹಳ್ಳಿ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದರೂ ಪ್ರತಿ 10 ಕಿ.ಮೀ.ಗೆ 15 ನಿಮಿಷ ಬೇಕು. ಗಾಡಿ ಬಂದ ಮೇಲೆ ಏನಾಗ್ತದೆ, ಠಾಣೆಯಲ್ಲಿ ಅದನ್ನ ಹೇಗೆ ನೋಡ್ಕೋತಾರೆ, ನಮ್ಮ ಕೆಲಸ ಏನು ಎಂಬ ಮಾಹಿತಿ ಇಲ್ಲಿದೆ.

ಗಾಡಿಯೊಳಗೆ ಏನಿರ್ತದೆ?

ತಾಲ್ಲೂಕು ಠಾಣೆಗಳಲ್ಲಿ ಸಾಮಾನ್ಯವಾಗಿ ಇರುವುದು ‘ವಾಟರ್ ಟೆಂಡರ್’. ಇದರ ಟ್ಯಾಂಕ್ ಸಾಮಾನ್ಯವಾಗಿ 4,500 ಲೀಟರ್. ಪಂಪಿಗೆ ಬೇರೆ ಎಂಜಿನ್ ಇರುವುದಿಲ್ಲ. ಗಾಡಿ ನಿಲ್ಲಿಸಿ, ಅದೇ ಎಂಜಿನ್ ಶಕ್ತಿಯನ್ನು ಪಂಪಿಗೆ ತಿರುಗಿಸುತ್ತಾರೆ. ಇದರ ಜೊತೆ ನೀರು ಹಾರಿಸುವ ಪೈಪು, ಕೆರೆ-ಬಾವಿಯಿಂದ ನೀರು ಎಳೆಯುವ ದಪ್ಪ ಸಕ್ಷನ್ ಪೈಪು, ಏಣಿ, ಕೊಡಲಿ, ಹಗ್ಗ, ಎಣ್ಣೆ ಬೆಂಕಿಗೆ ಫೋಮ್, ಹೊಗೆಯೊಳಗೆ ಹೋಗಲು ಉಸಿರಾಟದ ಸೆಟ್ ಇರುತ್ತವೆ.

ಹತ್ತು ನಿಮಿಷದ ಲೆಕ್ಕ

ಒಂದು ಪೈಪಿನಿಂದ ನಿಮಿಷಕ್ಕೆ 450 ಲೀಟರ್ ಹಾರಿಸಿದರೆ 4,500 ಲೀಟರ್ ಹತ್ತೇ ನಿಮಿಷಕ್ಕೆ ಖಾಲಿ. ಎರಡು ಪೈಪು ಬಿಟ್ಟರೆ ಐದು ನಿಮಿಷ. ‘ನೀರಿಲ್ದ ಗಾಡಿ ತಂದಾರ’ ಅಂತ ಜನ ಸಿಬ್ಬಂದಿ ಮೇಲೆ ಹರಿಹಾಯುವುದು ಎಷ್ಟೋ ಸಲ ಇದೇ ಹೊತ್ತಿನಲ್ಲಿ. ಬಣವಿ ಬೆಂಕಿ ಒಳಗೊಳಗೇ ಉರಿಯುವಂಥದ್ದು. ಒಂದು ಟ್ಯಾಂಕಿಗೆ ಆರೋದು ಕಷ್ಟ.

ಮತ್ತೆ ತುಂಬಿಸೋದು ಎಲ್ಲಿ ಅನ್ನೋದೇ ಮುಂದಿನ ಪ್ರಶ್ನೆ. ನಿಮಿಷಕ್ಕೆ 150 ಲೀಟರ್ ಕೊಡುವ ಬೋರ್‌ವೆಲ್‌ನಿಂದ ಟ್ಯಾಂಕ್ ತುಂಬಲು 30 ನಿಮಿಷ ಬೇಕು. ಗಾಡಿ ಕೆರೆ ದಂಡೆಗೆ ಹೋಗಿ ಸಕ್ಷನ್ ಪೈಪು ಬಿಟ್ಟರೆ ಅದರ ಪಂಪು ಕೆಲವೇ ನಿಮಿಷದಲ್ಲಿ ತುಂಬಿಸಿಕೊಳ್ಳುತ್ತದೆ. ಆದರೆ ಪಂಪಿನಿಂದ ಸುಮಾರು 7 ಮೀಟರ್‌ಗಿಂತ ಕೆಳಗಿರುವ ನೀರನ್ನು ಹೀಗೆ ಎಳೆಯೋದು ಕಷ್ಟ. ಹಾಗಾಗಿ ಆಳದ ಬಾವಿ ಲೆಕ್ಕಕ್ಕೆ ಬರುವುದಿಲ್ಲ, ದಂಡೆ ತನಕ ಗಟ್ಟಿ ದಾರಿ ಇರುವ ಕೆರೆ ಬೇಕು.

ಠಾಣೆಯಲ್ಲಿ ದಿನಾ ಏನು ನಡೀತದೆ?

ಕರೆ ಇಲ್ಲದ ದಿನವೂ ಸಿಬ್ಬಂದಿಗೆ ಕೆಲಸ ಇರ್ತದೆ. ಡೀಸೆಲ್, ಬ್ಯಾಟರಿ, ಬ್ರೇಕ್, ಟೈರ್ ಗಾಳಿ, ಸೈರನ್ ನೋಡಬೇಕು. ಪಂಪು ಚಾಲೂ ಮಾಡಿ ಪರೀಕ್ಷಿಸಬೇಕು. ಟ್ಯಾಂಕ್ ಸದಾ ತುಂಬಿರಬೇಕು. ಬಳಸಿದ ಪೈಪನ್ನು ತೊಳೆದು, ಪೂರ್ತಿ ಒಣಗಿಸಿ ಸುತ್ತಬೇಕು. ಹಸಿ ಇದ್ದಾಗಲೇ ಸುತ್ತಿಟ್ಟರೆ ಪೈಪು ಹಾಳಾಗಿ ಮುಂದಿನ ಸಲ ಒತ್ತಡಕ್ಕೆ ಹರಿಯಬಹುದು.

ಈ ಗಾಡಿಗಳ ಮೀಟರ್‌ನಲ್ಲಿ ಕಿ.ಮೀ. ಕಡಿಮೆ ಕಾಣಬಹುದು. ಆದರೆ ಪಂಪಿಗಾಗಿ ಎಂಜಿನ್ ನಿಂತಲ್ಲೇ ಗಂಟೆಗಟ್ಟಲೆ ಓಡಿರುತ್ತದೆ. ಹಾಗಾಗಿ ಆಯಿಲ್, ಫಿಲ್ಟರ್ ಬದಲಿಸುವಾಗ ಕಿ.ಮೀ. ಜೊತೆ ಎಂಜಿನ್ ಓಡಿದ ಗಂಟೆಯನ್ನೂ ನೋಡಬೇಕು. ಇದರ ಮೇಲೆ, 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಿಸಬಾರದು ಎಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹಳೇ ಗಾಡಿ ಹೋದ ಜಾಗಕ್ಕೆ ಹೊಸದು ಬರ್ತದಾ ಅಂತ ಕೇಳೋದು ಜನಪ್ರತಿನಿಧಿಗಳಿಗೂ ನಮಗೂ ಸೇರಿದ ಕೆಲಸ.

ಇರುವ ಗಾಡಿ ಉಳಿಸಿಕೊಳ್ಳೋದೂ ಅಷ್ಟೇ ಮುಖ್ಯ. 2024ರ ಮಾರ್ಚ್ 11ರಂದು ಬ್ಯಾಡಗಿ ಎಪಿಎಂಸಿಯಲ್ಲಿ ಮೆಣಸಿನಕಾಯಿ ದರ ಕುಸಿದು ಗಲಾಟೆ ಆದಾಗ ಅಗ್ನಿಶಾಮಕ ವಾಹನವೂ ದಾಳಿಗೆ ಸಿಕ್ಕಿತ್ತು. ಗಾಡಿ ಕೆಟ್ಟು ನಿಂತರೆ ಆ ತಾಲ್ಲೂಕಿಗೆ ಪಕ್ಕದ ತಾಲ್ಲೂಕಿನ ಗಾಡಿಯೇ ಗತಿ.

ಊರವರು ಮಾಡಬೇಕಾದ್ದು

* ಕೆರೆಗೆ ಗಾಡಿ ಇಳಿಯುವ ಒಂದು ದಾರಿ ಗುರುತಿಸಿ, ಮುಳ್ಳುಕಂಟಿ ತೆಗೆಸಿ. ಗ್ರಾಮಸಭೆಯಲ್ಲಿ ಈ ವಿಷಯ ಎತ್ತಬಹುದು.
* ಬೋರ್‌ವೆಲ್, ಓವರ್‌ಹೆಡ್ ಟ್ಯಾಂಕ್ ಕೀಲಿ ಯಾರ ಹತ್ತಿರ ಇರ್ತದೆ ಅನ್ನೋದು ನಾಲ್ಕು ಮಂದಿಗೆ ಗೊತ್ತಿರಲಿ.
* ಬಣವಿಗಳನ್ನು ಒಂದಕ್ಕೊಂದು ತಾಗಿಸಿ ಒಟ್ಟಬೇಡಿ. ಕರೆಂಟ್ ತಂತಿ ಕೆಳಗಂತೂ ಬೇಡವೇ ಬೇಡ. ತಂತಿ ಜೋತುಬಿದ್ದಿದ್ದರೆ ಹೆಸ್ಕಾಂನ 1912ಕ್ಕೆ ತಿಳಿಸಿ.
* ಓಣಿ ಬಾಯಲ್ಲಿ ಟ್ರ್ಯಾಕ್ಟರ್, ಟ್ರೇಲರ್ ನಿಲ್ಲಿಸಬೇಡಿ.

ಬೆಂಕಿ ಆರಿಸಲು ಹತ್ತಿರದ ಬಾವಿ, ಕೆರೆ, ತೊಟ್ಟಿ ನೀರು ಬಳಸುವ ಅಧಿಕಾರ 1964ರ ಕಾಯ್ದೆಯಡಿ ಅಗ್ನಿಶಾಮಕ ಅಧಿಕಾರಿಗಳಿಗೆ ಇದೆ. ನಮ್ಮ ಬಾವಿ ಅಂತ ತಡೆಯಬೇಡಿ.

ಅಂಗಡಿಯವರಿಗೆ

2023ರ ಆಗಸ್ಟ್ 29ರಂದು ಹಾವೇರಿ ಹತ್ತಿರದ ಆಲದಕಟ್ಟಿಯ ಪಟಾಕಿ ಗೋದಾಮಿಗೆ ಬೆಂಕಿ ಬಿದ್ದು ಕಾರ್ಮಿಕರು ಜೀವ ಕಳೆದುಕೊಂಡರು. ಅಲ್ಲಿ ನಡೀತಿದ್ದ ವೆಲ್ಡಿಂಗ್‌ನ ಕಿಡಿ ಕಾರಣ ಅಂತ ಆಗ ವರದಿಯಾಗಿತ್ತು. ಶಟರ್ ರಿಪೇರಿ, ವೆಲ್ಡಿಂಗ್ ಇದ್ದ ದಿನ ಮೊದಲು ಮಾಲು ಹೊರಗೆ ಹಾಕಿ, ಆಮೇಲೆ ಕೆಲಸ ಶುರು ಮಾಡಿಸಿ.

ಕಿರಾಣಿ, ಬಟ್ಟೆ, ಗೊಬ್ಬರದ ಅಂಗಡಿಗೆ ಎಬಿಸಿ ಪೌಡರಿನ ಸಿಲಿಂಡರ್ ಸಾಕು. ಐಎಸ್‌ಐ ಗುರುತು ನೋಡಿ ತಗೊಳ್ಳಿ. ಮುಳ್ಳು ಹಸಿರು ಭಾಗದಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ. ಲೇಬಲ್ ಮೇಲಿನ ದಿನಾಂಕಕ್ಕೆ ರೀಫಿಲ್ ಮಾಡಿಸಿ. ಬಾಗಿಲ ಹತ್ತಿರ ತೂಗುಹಾಕಿ, ಚೀಲದ ಹಿಂದೆ ಬೇಡ. ಬಳಸುವಾಗ ಪಿನ್ ಎಳೆದು, ಉರಿಯ ಬುಡಕ್ಕೆ ಹಿಡಿದು, ಹಿಡಿಕೆ ಒತ್ತಿ, ಅತ್ತಿತ್ತ ಆಡಿಸಿ. ಚಿಕ್ಕ ಸಿಲಿಂಡರ್ ಅರ್ಧ ನಿಮಿಷದೊಳಗೆ ಮುಗೀತದೆ. ಬೆಂಕಿ ದೊಡ್ಡದಾಗಿದ್ದರೆ ಅದನ್ನ ಬಿಟ್ಟು ಹೊರಗೆ ಓಡಿ. ಕರೆಂಟ್ ಬೆಂಕಿ ಆದ್ರೆ ಮೊದಲು ಮೇನ್ ಸ್ವಿಚ್ ತೆಗೀರಿ, ನೀರು ಹಾಕಬೇಡಿ.

ಫೋನ್ ಮಾಡುವಾಗ

101 ಅಥವಾ 112ಕ್ಕೆ ಕರೆ ಮಾಡಿ. ನೀವೇ ಆರಿಸಿ ನೋಡಿ, ಆಗದಿದ್ದಾಗ ಫೋನ್ ಮಾಡಿದರೆ ಗಾಡಿ ತಡವಾಗೇ ಬರ್ತದೆ. ಮೊದಲೇ ಮಾಡಿ. ಊರು, ತಾಲ್ಲೂಕು, ಹತ್ತಿರದ ಗುರುತು, ಉರೀತಿರೋದು ಏನು, ಒಳಗೆ ಜನ-ದನ ಇದಾವಾ, ಹತ್ತಿರ ನೀರು ಎಲ್ಲಿದೆ, ಇಷ್ಟು ಹೇಳಿ. ಒಬ್ಬರು ಮುಖ್ಯ ರಸ್ತೆಗೆ ಹೋಗಿ ದಾರಿ ತೋರಿಸಲಿ. ಆರಿದ ಮೇಲೆ ಠಾಣೆಯಿಂದ ವರದಿ ಪಡೆಯಲು ಮರೀಬೇಡಿ, ವಿಮೆಯವರು ಅದನ್ನ ಕೇಳ್ತಾರೆ.