ಲಿಪಿ ಕೊಟ್ಟ ರಾಜ, ಬಾವುಟ ಮುಚ್ಚಿದ ಓಟಗಾರ: ಕೊರಿಯಾದ ಕೆಲವು ಮಹನೀಯರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಗುರುಗಳು ಕೇಳಿದಾಗ ಕಂಪ್ಯೂಟರ್ ಕುರಿತೇ ಬರೆಯಬೇಕೆಂದು ಹಲವರು ಸೂಚಿಸಿದರು. ಆದರೆ ಹೈಸ್ಕೂಲಿನಲ್ಲಿ ನನಗೆ ಅತ್ಯಂತ ಪ್ರಿಯವಾಗಿದ್ದ ವಿಷಯ ಇತಿಹಾಸ. ಆದ್ದರಿಂದ ನಮ್ಮ ಈಗಿನ ಮಕ್ಕಳಿಗೆ ಬಹಳ ಹತ್ತಿರವಾಗಿರುವ ಒಂದು ದೇಶದ ಇತಿಹಾಸವನ್ನು ಆರಿಸಿಕೊಂಡಿದ್ದೇನೆ.

ಕೊರಿಯಾ ಎಂಬ ಹೆಸರು ಇಂದು ಹಳ್ಳಿಯ ಮನೆಗಳಿಗೂ ಹೊಸದಲ್ಲ. ಮನೆಯ ಫ್ರಿಜ್, ಕೈಯಲ್ಲಿನ ಮೊಬೈಲ್, ರಸ್ತೆಯಲ್ಲಿ ಓಡುವ ಕಾರು, ಇವುಗಳಲ್ಲಿ ಎಷ್ಟೋ ಅಲ್ಲಿನ ಕಂಪನಿಗಳವು. ಒಂಬತ್ತನೇ ತರಗತಿಯ ಮಕ್ಕಳು ಬಿಟಿಎಸ್ ತಂಡದ ಏಳೂ ಜನರ ಹೆಸರನ್ನು ತಡವರಿಸದೆ ಹೇಳುತ್ತಾರೆ. 2020ರಲ್ಲಿ ಬೋಂಗ್ ಜೂನ್ ಹೋ ನಿರ್ದೇಶಿಸಿದ 'ಪ್ಯಾರಸೈಟ್' ಚಿತ್ರಕ್ಕೆ ಆಸ್ಕರ್‌ನ ಅತ್ಯುತ್ತಮ ಚಿತ್ರ ಪ್ರಶಸ್ತಿ ಬಂತು. ಇಂಗ್ಲಿಷೇತರ ಭಾಷೆಯ ಚಿತ್ರಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. 2024ರಲ್ಲಿ ಲೇಖಕಿ ಹಾನ್ ಕಾಂಗ್ ಅವರಿಗೆ ಸಾಹಿತ್ಯದ ನೊಬೆಲ್ ದೊರೆಯಿತು. ಈ ಚಿತ್ರವೂ ಈ ಸಾಹಿತ್ಯವೂ ಹುಟ್ಟಿದ್ದು ಕೊರಿಯನ್ ಭಾಷೆಯಲ್ಲಿ. ಅದೇ ಭಾಷೆಯನ್ನು ಶಾಲೆಯಲ್ಲಿ ಮಾತನಾಡಿದರೆ ಮಕ್ಕಳಿಗೆ ಶಿಕ್ಷೆಯಾಗುತ್ತಿದ್ದ ಕಾಲವೊಂದಿತ್ತು. ಅದು ನಮ್ಮ ಅಜ್ಜಂದಿರ ಕಾಲ. ಆ ಭಾಷೆ ಉಳಿದು ಬಂದದ್ದು ಹೇಗೆಂದು ತಿಳಿಯಲು ಕೆಲವರ ಬದುಕನ್ನು ನೋಡಬೇಕು.

ಭಾರತಕ್ಕೆ ಬಂದ ಭಿಕ್ಷು

ಮೊದಲು ನೆನೆಯಬೇಕಾದವನು ಹ್ಯೇಚೋ ಎಂಬ ಬೌದ್ಧ ಭಿಕ್ಷು. ಎಂಟನೆಯ ಶತಮಾನದ ಆರಂಭದಲ್ಲಿ ಕೊರಿಯಾದ ಸಿಲ್ಲಾ ರಾಜ್ಯದಲ್ಲಿ ಹುಟ್ಟಿದ ಈತ ಚಿಕ್ಕ ವಯಸ್ಸಿನಲ್ಲೇ ಚೀನಾಕ್ಕೆ ಹೋಗಿ, ಅಲ್ಲಿಂದ ಸಮುದ್ರ ಮಾರ್ಗವಾಗಿ ಭಾರತಕ್ಕೆ ಬಂದ. ಬುದ್ಧನ ನೆಲದ ಪುಣ್ಯಸ್ಥಳಗಳನ್ನು ಕಂಡು, ಮಧ್ಯ ಏಷ್ಯಾದ ದಾರಿಯಲ್ಲಿ ನಡೆದು 727ರ ವೇಳೆಗೆ ಮತ್ತೆ ಚೀನಾದ ಗಡಿ ಸೇರಿದ. ಹ್ಯುಯೆನ್ ತ್ಸಾಂಗ್‌ನ ಹೆಸರನ್ನು ನಾವೆಲ್ಲ ಪಾಠದಲ್ಲಿ ಓದಿದ್ದೇವೆ. ಹ್ಯೇಚೋ ಆತನಿಗಿಂತ ಸುಮಾರು ಒಂದು ಶತಮಾನ ಈಚಿನವನು.

ಈತನ ಪ್ರವಾಸ ಗ್ರಂಥ ನೂರಾರು ವರ್ಷ ಕಣ್ಮರೆಯಾಗಿತ್ತು. 1908ರಲ್ಲಿ ಫ್ರೆಂಚ್ ವಿದ್ವಾಂಸ ಪೌಲ್ ಪೆಲಿಯೋ ಅವರಿಗೆ ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಅದರ ಹರಿದ ಸುರುಳಿಯೊಂದು ಸಿಕ್ಕಿತು. ಮೊದಲೂ ಕೊನೆಯೂ ಇಲ್ಲದ ಆ ಸುರುಳಿ ಈಗ ಪ್ಯಾರಿಸ್ಸಿನಲ್ಲಿದೆ. ಅದರಲ್ಲಿ ಬರುವ ದಕ್ಷಿಣ ಭಾರತದ ರಾಜ್ಯವನ್ನು ನಮ್ಮ ಬಾದಾಮಿ ಚಾಲುಕ್ಯರದೆಂದು ಗುರುತಿಸುವ ವಿದ್ವಾಂಸರಿದ್ದಾರೆ. ಹ್ಯೇಚೋ ಮರಳಿ ತಾಯ್ನಾಡನ್ನು ಕಾಣಲಿಲ್ಲ. ಚೀನಾದಲ್ಲೇ ಧರ್ಮಗ್ರಂಥಗಳ ಕೆಲಸ ಮಾಡುತ್ತ ಅಲ್ಲೇ ತೀರಿಕೊಂಡ. ಅವನು ಬರೆದದ್ದೂ ಚೀನೀ ಅಕ್ಷರಗಳಲ್ಲಿಯೇ, ಏಕೆಂದರೆ ಅವನ ತಾಯಿನುಡಿಗೆ ಆಗ ಸ್ವಂತ ಲಿಪಿ ಇರಲಿಲ್ಲ.

ಪ್ರಜೆಗಳಿಗಾಗಿ ಅಕ್ಷರ ಮಾಡಿದ ದೊರೆ

ಆ ಕೊರತೆ ನೀಗಲು ಮತ್ತೆ ಏಳು ಶತಮಾನ ಬೇಕಾಯಿತು. ಜೋಸನ್ ವಂಶದ ನಾಲ್ಕನೆಯ ದೊರೆ ಸೇಜೋಂಗ್ 1397ರಲ್ಲಿ ಹುಟ್ಟಿ 1418ರಿಂದ 1450ರವರೆಗೆ ಆಳಿದ. ಭೂಕಂದಾಯದ ಹೊಸ ಪದ್ಧತಿ ತರುವ ಮುನ್ನ, 1430ರಲ್ಲಿ, ಅಧಿಕಾರಿಗಳಿಂದ ಹಿಡಿದು ರೈತರವರೆಗೆ ಸುಮಾರು 1,70,000 ಜನರ ಅಭಿಪ್ರಾಯ ಕೇಳಿಸಿದ. ಅವನ ಕಾಲದಲ್ಲಿಯೇ, 1441-42ರಲ್ಲಿ, ಮಳೆ ಅಳೆಯುವ ಒಂದೇ ಅಳತೆಯ ಪಾತ್ರೆಗಳು ದೇಶದಾದ್ಯಂತ ಬಂದವು. ಸರ್ಕಾರಿ ಗುಲಾಮನಾಗಿ ಹುಟ್ಟಿದ ಜಂಗ್ ಯಂಗ್ ಸಿಲ್ ಎಂಬ ಕುಶಲಕರ್ಮಿಯನ್ನು ಮೇಲೆತ್ತಿ ಅಧಿಕಾರಿಯನ್ನಾಗಿ ಮಾಡಿದವನೂ ಇವನೇ. ಗಂಟೆಗಂಟೆಗೆ ತಾನೇ ಸದ್ದು ಮಾಡುವ ನೀರಿನ ಗಡಿಯಾರವನ್ನು 1434ರಲ್ಲಿ ಆ ಕುಶಲಕರ್ಮಿ ಅರಮನೆಯಲ್ಲಿ ನಿಲ್ಲಿಸಿದ.

ಸೇಜೋಂಗ್‌ನ ಹೆಸರು ಶಾಶ್ವತವಾದದ್ದು ಮಾತ್ರ ಅಕ್ಷರಗಳಿಂದ. ಚೀನೀ ಲಿಪಿ ಕಲಿಯಲು ವರ್ಷಗಟ್ಟಲೆ ಬೇಕು. ಉಳುವವನಿಗೆ, ನೇಯುವವಳಿಗೆ ಅಷ್ಟು ಸಮಯವೆಲ್ಲಿ? ತನ್ನ ಮೇಲೆ ಅನ್ಯಾಯವಾದರೆ ಒಂದು ಅರ್ಜಿ ಬರೆಯಲೂ ಸಾಮಾನ್ಯನಿಗೆ ಸಾಧ್ಯವಿರಲಿಲ್ಲ. ಈ ಕಷ್ಟ ಕಂಡು ದೊರೆ 1443ರಲ್ಲಿ 28 ಅಕ್ಷರಗಳ ಹೊಸ ಲಿಪಿಯನ್ನು ಸಿದ್ಧಪಡಿಸಿ 1446ರಲ್ಲಿ ಪ್ರಕಟಿಸಿದ. ಇಂದು ಹಂಗುಲ್ ಎನಿಸಿಕೊಂಡಿರುವ ಲಿಪಿ ಇದೇ. ಈಗ ಬಳಕೆಯಲ್ಲಿರುವ ಮೂಲಾಕ್ಷರಗಳು 24.

ಇದರ ರಚನೆ ನೋಡಿದರೆ ಇಂಜಿನಿಯರ್ ಆದವನಿಗೆ ಸಂತೋಷವಾಗುತ್ತದೆ. ವ್ಯಂಜನಗಳ ಆಕಾರ ಬಾಯಿ, ನಾಲಿಗೆ, ಹಲ್ಲು, ಗಂಟಲುಗಳ ಆಕಾರವೇ. 'ಮ' ಎಂಬುದು ಬಾಯಿಯನ್ನು ಸೂಚಿಸುವ ಒಂದು ಚೌಕ. 'ನ' ಎಂಬುದು ಮೇಲೆದ್ದು ತಾಗುವ ನಾಲಿಗೆಯ ಗೆರೆ. 'ಕ'ಕ್ಕೆ ಒಂದು ಗೆರೆ ಹೆಚ್ಚಾಗಿ ಸೇರಿಸಿದರೆ 'ಖ'ದಂಥ ಉಸಿರಿನ ಅಕ್ಷರ. ಸ್ವರಗಳಿಗೆ ಆಕಾಶ, ಭೂಮಿ, ಮನುಷ್ಯ ಎಂಬ ಮೂರೇ ಗುರುತು: ಚುಕ್ಕೆ, ಅಡ್ಡಗೆರೆ, ನೆಟ್ಟಗೆರೆ. ಒಂದನೇ ತರಗತಿಯಲ್ಲಿ ನಾವು ಬಾಯಿಪಾಠ ಮಾಡಿದ ಕ ವರ್ಗ, ಚ ವರ್ಗ, ಪ ವರ್ಗಗಳೂ ಉಚ್ಚಾರಣೆಯ ಸ್ಥಾನವನ್ನು ಹಿಡಿದೇ ಬಂದವು. ಈ ಭಾರತೀಯ ಧ್ವನಿಶಾಸ್ತ್ರ ಬೌದ್ಧಧರ್ಮದ ಜೊತೆ ಚೀನಾಕ್ಕೆ ಹೋಗಿ ಅಲ್ಲಿನ ವಿದ್ವಾಂಸರ ಮೇಲೆ ಪ್ರಭಾವ ಬೀರಿತು. ಸೇಜೋಂಗ್ ಓದಿದ್ದು ಆ ಚೀನೀ ಗ್ರಂಥಗಳನ್ನು. ಹೀಗೆ ನಮ್ಮ ವರ್ಣಮಾಲೆಗೂ ಅವರದಕ್ಕೂ ದೂರದ ನಂಟಿದೆ.

ಎಲ್ಲರೂ ಇದನ್ನು ಮೆಚ್ಚಲಿಲ್ಲ. 1444ರಲ್ಲಿ ಚೋಯ್ ಮನ್ರಿ ಮೊದಲಾದ ಆಸ್ಥಾನ ಪಂಡಿತರು ವಿರೋಧದ ಮನವಿ ಸಲ್ಲಿಸಿದರು. ಚೀನೀ ಬಿಟ್ಟು ಸ್ವಂತ ಲಿಪಿ ಮಾಡಿಕೊಳ್ಳುವುದು ಅನಾಗರಿಕರ ಲಕ್ಷಣ ಎಂಬುದು ಅವರ ವಾದ. ದೊರೆ ಅವರನ್ನು ಒಂದು ರಾತ್ರಿ ಸೆರೆಯಲ್ಲಿಟ್ಟು ಮರುದಿನ ಬಿಟ್ಟ. ಆದರೂ ಪಂಡಿತರ ತಿರಸ್ಕಾರ ನೂರಾರು ವರ್ಷ ಮುಂದುವರಿಯಿತು. ದೊಡ್ಡವರು ಇದನ್ನು ಹೀನ ಬರಹ ಎಂದು ಕರೆದರು. ಲಿಪಿಯನ್ನು ಕೈಬಿಡದೆ ಉಳಿಸಿದವರು ಮುಖ್ಯವಾಗಿ ಹೆಂಗಸರು ಮತ್ತು ಸಾಮಾನ್ಯ ಜನ. ಸರ್ಕಾರಿ ಕಾಗದಪತ್ರಗಳಲ್ಲಿ ಅದಕ್ಕೆ ಸ್ಥಾನ ಸಿಕ್ಕಿದ್ದು 1894ರಲ್ಲಿ. ಹಂಗುಲ್ ಎಂಬ ಗೌರವದ ಹೆಸರನ್ನು ಬಳಕೆಗೆ ತಂದವರು ವೈಯಾಕರಣಿ ಜು ಸಿ ಗ್ಯೋಂಗ್ (1876-1914).

ಬೆಳ್ಳಿತೆರೆಯಲ್ಲಿ ಅರಿರಾಂಗ್

1910ರಲ್ಲಿ ಜಪಾನ್ ಕೊರಿಯಾವನ್ನು ನುಂಗಿತು. 1945ರವರೆಗೆ, 35 ವರ್ಷ, ಅದರ ಆಳ್ವಿಕೆ ನಡೆಯಿತು. 1919ರ ಮಾರ್ಚ್ 1ರಂದು ಜನ ಬೀದಿಗಿಳಿದು ಸ್ವಾತಂತ್ರ್ಯ ಘೋಷಿಸಿದರು. ಸರ್ಕಾರ ಗುಂಡು ಮತ್ತು ಜೈಲಿನಿಂದ ಉತ್ತರಿಸಿತು. ನಮ್ಮ ಜಲಿಯನ್‌ವಾಲಾ ಬಾಗ್ ನಡೆದದ್ದೂ ಅದೇ ವರ್ಷ, ಮರು ತಿಂಗಳು.

ಆ ಹೋರಾಟದ ನಂಟಿನಿಂದ ಜೈಲು ಕಂಡಿದ್ದ ತರುಣ ನಾ ಉನ್ ಗ್ಯು. ಈತ ತಾನೇ ಕಥೆ ಬರೆದು, ನಿರ್ದೇಶಿಸಿ, ನಟಿಸಿದ ಮೂಕಿ ಚಿತ್ರ 'ಅರಿರಾಂಗ್' 1926ರ ಅಕ್ಟೋಬರ್ 1ರಂದು ಸೋಲ್ ನಗರದ ದಾನ್‌ಸಂಗ್‌ಸಾ ಚಿತ್ರಮಂದಿರದಲ್ಲಿ ತೆರೆ ಕಂಡಿತು. ಬುದ್ಧಿ ಕಲಕಿದ ಒಬ್ಬ ವಿದ್ಯಾರ್ಥಿ, ತಂಗಿಯ ಮಾನದ ಮೇಲೆ ಕೈಹಾಕಿದ ಜಮೀನ್ದಾರನ ಕಡೆಯವನನ್ನು ಕೊಲ್ಲುತ್ತಾನೆ. ಪೊಲೀಸರು ಅವನನ್ನು ಗುಡ್ಡ ದಾಟಿಸಿ ಕರೆದೊಯ್ಯುವಾಗ ಅರಿರಾಂಗ್ ಎಂಬ ಜನಪದ ಗೀತೆ ಕೇಳಿಬರುತ್ತದೆ. ಮೂಕಿ ಚಿತ್ರವಾದ್ದರಿಂದ ತೆರೆಯ ಪಕ್ಕದಲ್ಲಿ ನಿಂತು ಕಥೆ ಹೇಳುವವನೊಬ್ಬನಿರುತ್ತಿದ್ದ. ಜನ ಅಳುತ್ತ ಹಾಡಿಗೆ ದನಿಗೂಡಿಸುತ್ತಿದ್ದರು. ನಾ ಉನ್ ಗ್ಯು 1937ರಲ್ಲಿ ಕ್ಷಯರೋಗದಿಂದ ಚಿಕ್ಕ ವಯಸ್ಸಿನಲ್ಲೇ ತೀರಿಹೋದ. ಅವನ ಚಿತ್ರದ ಪ್ರತಿಯೂ ಕಳೆದುಹೋಗಿದೆ. ಹಾಡು ಮಾತ್ರ ಇಂದು ಉತ್ತರ, ದಕ್ಷಿಣ ಎರಡೂ ಕೊರಿಯಾಗಳ ಜನರ ಬಾಯಲ್ಲಿದೆ.

ಗೆದ್ದೂ ತಲೆ ತಗ್ಗಿಸಿದ ಓಟಗಾರ

ಕ್ರೀಡಾಪ್ರಿಯರು ಮರೆಯಬಾರದ ಹೆಸರು ಸೋನ್ ಕೀ ಚುಂಗ್. 1912ರಲ್ಲಿ ಈಗಿನ ಉತ್ತರ ಕೊರಿಯಾದ ಸಿನುಯ್‌ಜು ಊರಿನಲ್ಲಿ ಹುಟ್ಟಿದವರು. 1936ರ ಆಗಸ್ಟ್ 9ರಂದು, ಹಿಟ್ಲರನ ಬರ್ಲಿನ್‌ನಲ್ಲಿ ನಡೆದ ಒಲಿಂಪಿಕ್ಸ್ ಮ್ಯಾರಥಾನ್ ಓಟವನ್ನು 2 ಗಂಟೆ 29 ನಿಮಿಷ 19 ಸೆಕೆಂಡುಗಳಲ್ಲಿ ಮುಗಿಸಿ ಒಲಿಂಪಿಕ್ ದಾಖಲೆಯೊಂದಿಗೆ ಚಿನ್ನ ಗೆದ್ದರು. ಅವರ ದೇಶದವರೇ ಆದ ನಾಮ್ ಸಂಗ್ ಯೋಂಗ್ ಮೂರನೆಯವರಾಗಿ ಬಂದರು.

ಆದರೆ ಎದೆಯ ಮೇಲಿದ್ದದ್ದು ಜಪಾನಿನ ಬಾವುಟ. ಪಟ್ಟಿಯಲ್ಲಿದ್ದದ್ದು 'ಸೋನ್ ಕಿತೇಯ್' ಎಂಬ ಜಪಾನಿ ಉಚ್ಚಾರದ ಹೆಸರು. ಪದಕ ವೇದಿಕೆಯಲ್ಲಿ ಜಪಾನಿನ ರಾಷ್ಟ್ರಗೀತೆ ನುಡಿಯುವಾಗ ಇಬ್ಬರೂ ತಲೆ ತಗ್ಗಿಸಿ ನಿಂತರು. ಸೋನ್ ತಮಗೆ ಕೊಟ್ಟಿದ್ದ ಓಕ್ ಸಸಿಯನ್ನು ಎದೆಗೆ ಹಿಡಿದು ಬಾವುಟವನ್ನು ಮರೆಮಾಡಿದರು. ಅವರ ಚಿನ್ನಕ್ಕಿಂತ ಬಾವುಟ ಮುಚ್ಚಲು ಸಿಕ್ಕ ಆ ಸಸಿಯ ಮೇಲೆಯೇ ತನಗೆ ಅಸೂಯೆಯಾಯಿತೆಂದು ನಾಮ್ ಮುಂದೆ ಹೇಳಿಕೊಂಡರು. ಹಸ್ತಾಕ್ಷರ ಕೇಳಿದವರಿಗೆ ಸೋನ್ ತಮ್ಮ ಹೆಸರನ್ನು ಹಂಗುಲ್ ಲಿಪಿಯಲ್ಲಿ ಬರೆದು ಕೊಡುತ್ತಿದ್ದರು.

ಊರಿನಲ್ಲಿ 'ದೋಂಗ್ ಆ ಇಲ್ಬೋ' ಪತ್ರಿಕೆ ಅವರ ಚಿತ್ರವನ್ನು ಎದೆಯ ಮೇಲಿನ ಬಾವುಟ ಅಳಿಸಿ ಮುದ್ರಿಸಿತು. ಪತ್ರಕರ್ತರು ಜೈಲು ಸೇರಿದರು. ಸುಮಾರು ಒಂಬತ್ತು ತಿಂಗಳು ಪತ್ರಿಕೆ ಹೊರಬರಲಿಲ್ಲ. ಸ್ವಾತಂತ್ರ್ಯದ ನಂತರ ಸೋನ್ ತರಬೇತುದಾರರಾದರು. 1947ರಲ್ಲಿ ಅವರ ಶಿಷ್ಯ ಸೋ ಯುನ್ ಬೋಕ್ ಬೋಸ್ಟನ್ ಮ್ಯಾರಥಾನ್ ಗೆದ್ದರು. 1950ರಲ್ಲಿ ಅಲ್ಲಿನ ಮೊದಲ ಮೂರೂ ಸ್ಥಾನ ಕೊರಿಯನ್ನರಿಗೆ. 1988ರ ಸೋಲ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ 76ರ ಈ ಮುದುಕರು ಜ್ಯೋತಿ ಹಿಡಿದು, ಮಗುವಿನಂತೆ ಕುಣಿಯುತ್ತ ಕ್ರೀಡಾಂಗಣ ಪ್ರವೇಶಿಸಿದರು. 1992ರ ಆಗಸ್ಟ್ 9ರಂದು, ಅಂದರೆ ಸರಿಯಾಗಿ 56 ವರ್ಷಗಳ ನಂತರ, ಬಾರ್ಸಿಲೋನಾದಲ್ಲಿ ಹ್ವಾಂಗ್ ಯಂಗ್ ಚೋ ಕೊರಿಯಾದ ಹೆಸರಿನಲ್ಲೇ ಮ್ಯಾರಥಾನ್ ಚಿನ್ನ ಗೆದ್ದಾಗ ಸೋನ್ ಪ್ರೇಕ್ಷಕರ ನಡುವೆ ಕುಳಿತಿದ್ದರು. 2002ರಲ್ಲಿ ಅವರು ನಿಧನರಾದರು. ಒಲಿಂಪಿಕ್ ದಾಖಲೆಯಲ್ಲಿ ಅವರ ಚಿನ್ನ ಇಂದಿಗೂ ಜಪಾನಿನ ಲೆಕ್ಕದಲ್ಲಿಯೇ ಇದೆ.

ಸೆರೆಮನೆ ಕಂಡ ನಿಘಂಟು

1938ರಿಂದ ಶಾಲೆಗಳಲ್ಲಿ ಕೊರಿಯನ್ ಭಾಷೆ ಮೂಲೆಗೆ ಸರಿಯಿತು. 1940ರಲ್ಲಿ ಜನರು ಜಪಾನಿ ಹೆಸರು ಇಟ್ಟುಕೊಳ್ಳಬೇಕೆಂಬ ಒತ್ತಾಯ ಬಂತು. ಇಂಥ ಕಾಲದಲ್ಲಿ ಕೆಲವು ಮೇಷ್ಟ್ರುಗಳು ಮತ್ತು ವಿದ್ವಾಂಸರು ಸೇರಿ ಕೊರಿಯನ್ ನಿಘಂಟಿನ ಕೆಲಸ ಮಾಡುತ್ತಿದ್ದರು. 1929ರಲ್ಲಿ ಆರಂಭವಾದ ಕೆಲಸ ಅದು. ಹಳ್ಳಿಯ ಮಾತುಗಳನ್ನು ಕೂಡಿಸಲು ಅವರು ಕಂಡುಕೊಂಡ ಉಪಾಯ ಸರಳವಾದದ್ದು. ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳು ಊರಿನ ಹಿರಿಯರನ್ನು ಕೇಳಿ ಪದಗಳನ್ನು ಬರೆದು ತರಬೇಕು. ಇದಕ್ಕಾಗಿಯೇ ಚೋಯ್ ಹ್ಯೊನ್ ಬೇ ಎಂಬ ವಿದ್ವಾಂಸರು 1936ರಲ್ಲಿ ಒಂದು ಚಿಕ್ಕ ಪುಸ್ತಕವನ್ನೂ ಮಾಡಿಕೊಟ್ಟರು.

1942ರ ಅಕ್ಟೋಬರ್‌ನಿಂದ ಪೊಲೀಸರು ಒಬ್ಬೊಬ್ಬರನ್ನೇ ಹಿಡಿಯತೊಡಗಿದರು. ಒಟ್ಟು 33 ಜನರ ಮೇಲೆ ಮೊಕದ್ದಮೆ. ಚಿತ್ರಹಿಂಸೆ ಮತ್ತು ಚಳಿಗೆ ಸಿಕ್ಕಿ ಈ ಯುನ್ ಜೇ, ಹಾನ್ ಜಿಂಗ್ ಎಂಬ ಇಬ್ಬರು ಸೆರೆಮನೆಯಲ್ಲೇ ಪ್ರಾಣಬಿಟ್ಟರು. ಹಸ್ತಪ್ರತಿ ಸಾಕ್ಷ್ಯವಾಗಿ ಜಪ್ತಿಯಾಗಿ ಎಲ್ಲೋ ಕಾಣೆಯಾಯಿತು. ದೇಶ ಬಿಡುಗಡೆಯಾದ ಮೇಲೆ, 1945ರ ಸೆಪ್ಟೆಂಬರ್ 8ರಂದು, ಸೋಲ್ ರೈಲು ನಿಲ್ದಾಣದ ಗೋದಾಮಿನಲ್ಲಿ ಆ ಕಟ್ಟುಗಳು ಸಿಕ್ಕವು. 26,000ಕ್ಕೂ ಹೆಚ್ಚು ಹಾಳೆಗಳು! 1947ರಲ್ಲಿ ಮೊದಲ ಸಂಪುಟ ಬಂತು, 1957ರಲ್ಲಿ ಆರನೆಯದು ಬಂದು ಕೆಲಸ ಪೂರ್ಣವಾಯಿತು.

ಆ ನಡುವೆ ಭೀಕರ ಯುದ್ಧವೊಂದು ಆಗಿಹೋಯಿತು. 1953ರಲ್ಲಿ ಕದನ ವಿರಾಮವಾದಾಗ, ತಮ್ಮ ದೇಶಕ್ಕೆ ಮರಳಲು ಒಪ್ಪದ ಸುಮಾರು 22,000 ಯುದ್ಧ ಕೈದಿಗಳ ಹೊಣೆ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಬಂತು. ಅದರ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ಜನರಲ್ ಕೆ.ಎಸ್. ತಿಮ್ಮಯ್ಯ. ಎರಡೂ ಕಡೆಯವರ ಬೈಗುಳ ಕೇಳುತ್ತಲೇ ಆ ಕಠಿಣ ಕೆಲಸವನ್ನು ಮುಗಿಸಿ ಬಂದ ಅವರಿಗೆ 1954ರಲ್ಲಿ ಪದ್ಮಭೂಷಣ ಲಭಿಸಿತು.

ನಮ್ಮ ಶಾಲೆಗೆ ಒಂದು ಬಿನ್ನಹ

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಇಂಗ್ಲಿಷ್ ನನಗೆ ಅನ್ನ ಕೊಟ್ಟಿದೆ, ಅದನ್ನು ಹಳಿಯಲಾರೆ. ಆದರೆ ನನ್ನ ಮಗಳು ಓದುವ ಶಾಲೆಯಲ್ಲಿ ಆವರಣದೊಳಗೆ ಕನ್ನಡ ಮಾತನಾಡಿದರೆ ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಕೊರಿಯಾದ ಮಕ್ಕಳಿಗೆ ಆ ನಿಯಮ ಹಾಕಿದ್ದು ಪರದೇಶದ ಸರ್ಕಾರ. ನಮ್ಮ ಮಕ್ಕಳಿಗೆ ಹಾಕುತ್ತಿರುವವರು ನಾವೇ, ಶುಲ್ಕವನ್ನೂ ಕಟ್ಟಿ.

ಐವತ್ತು ವರ್ಷಗಳಿಂದ ಈ ಸರ್ಕಾರಿ ಪ್ರೌಢಶಾಲೆ ಸುತ್ತಲಿನ ಹಳ್ಳಿಗಳ ಮಕ್ಕಳಿಗೆ ಅವರ ಮಾತಿನಲ್ಲೇ ಗಣಿತ, ವಿಜ್ಞಾನ ಕಲಿಸಿದೆ. ಈ ಸಂಭ್ರಮದ ವರ್ಷದಲ್ಲಿ ಗುರುಗಳಲ್ಲಿ ಮತ್ತು ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ನನ್ನದೊಂದು ಬಿನ್ನಹ. ಬೇಸಿಗೆ ರಜೆಯಲ್ಲಿ ಎಂಟು, ಒಂಬತ್ತನೇ ತರಗತಿಯ ಪ್ರತಿ ಮಗುವಿಗೂ ಒಂದು ನೋಟ್ ಪುಸ್ತಕ ಕೊಡೋಣ. ಎತ್ತಿನ ಬೇಸಾಯ ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗೆ, ಕುಂಟೆ, ಮಿಣಿ, ಹಗೇವು, ಮೇಟಿಕಂಬ ಎಂಬ ಮಾತುಗಳು ಅಜ್ಜ ಅಜ್ಜಿಯರ ಜೊತೆಗೇ ಹೋಗುತ್ತಿವೆ. ಮಕ್ಕಳು ಅವರ ಪಕ್ಕ ಕುಳಿತು ಕೇಳಿ ಬರೆಯಲಿ; ಯಾವ ವಸ್ತು, ಯಾತಕ್ಕೆ ಬಳಕೆ, ಯಾವ ಊರಿನಲ್ಲಿ ಏನೆನ್ನುತ್ತಾರೆ ಎಂದು. ಅವನ್ನೆಲ್ಲ ಕಂಪ್ಯೂಟರಿಗೆ ಏರಿಸಿ, ಅಕಾರಾದಿಯಾಗಿ ಜೋಡಿಸಿ, ಮುದ್ರಿಸಿ ಶಾಲೆಯ ಗ್ರಂಥಾಲಯಕ್ಕೆ ಕೊಡುವ ಕೆಲಸ ನನ್ನದು. ಮುಂದಿನ ಜೂನ್‌ನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಮೊದಲ ನೋಟ್ ಪುಸ್ತಕಗಳು ಕೈಗೆ ಬರಲಿ ಎಂದು ಕೇಳಿಕೊಳ್ಳುತ್ತೇನೆ.