ಎರಡು ಹೊಳೆ, ಒಂದು ತೂಬು

ವಯನಾಡಿನ ಬೆಟ್ಟಗಳಲ್ಲಿ ಹುಟ್ಟಿ, ನಂಜನಗೂಡಿನ ಶ್ರೀಕಂಠೇಶ್ವರನ ಸನ್ನಿಧಿಯನ್ನು ಹಾದು ಬರುವ ಕಪಿಲೆಗೆ ತಿರುಮಕೂಡಲು ನರಸೀಪುರದಿಂದ ಮುಂದೆ ಸ್ವಂತ ಹೆಸರಿಲ್ಲ. ಅಲ್ಲಿ ಅದು ಕಾವೇರಿಯನ್ನು ಸೇರುತ್ತದೆ. ತಲಕಾಡಿನ ದಂಡೆಯಲ್ಲಿ ನಿಂತವರು ನೋಡುವುದು ಕಾವೇರಿಯನ್ನು. ಆದರೆ ಆ ನೀರಿನಲ್ಲಿ ಕಪಿಲೆಯ ಪಾಲೂ ಉಂಟು. ಯಾವ ಬೊಗಸೆ ಯಾವ ಹೊಳೆಯದು ಎಂದು ದಂಡೆಯ ಮೇಲೆ ನಿಂತು ಹೇಳಲಾಗದು.

ಇಂದು ಇದೇ ಊರುಗಳ ಮನೆಗಳಲ್ಲಿ ಹುಡುಗರ ಮೇಜಿನ ಮೇಲಿರುವ ಒಂದು ಯಂತ್ರದ ಒಳಗೂ ಇಂಥದೇ ಸಂಗಮವಿದೆ. ಅದು ಗೇಮಿಂಗ್ ಲ್ಯಾಪ್‌ಟಾಪ್. ಹೆಸರು ಆಟದ್ದಾದರೂ ಎಂಜಿನಿಯರಿಂಗ್ ವಿದ್ಯಾರ್ಥಿಗಳು ನಕಾಶೆ ಬಿಡಿಸಲು, ಮದುವೆಯ ವಿಡಿಯೊ ತೆಗೆಯುವವರು ಅದನ್ನು ಸಂಕಲಿಸಲು ಕೊಳ್ಳುವುದೂ ಇದನ್ನೇ. ಬೆಲೆ ಅರ್ಧ ಲಕ್ಷವನ್ನು ಸುಲಭವಾಗಿ ದಾಟುವುದರಿಂದ ಬಹಳ ಮನೆಗಳಲ್ಲಿ ಅದು ಕಂತಿನ ಸಾಲದ ಮೇಲೆ ಬಂದಿರುತ್ತದೆ. ಹೀಗೆ ಬಂದ ಯಂತ್ರದಲ್ಲಿ ಒಂದು ದಿನ ಆಟ ತಡವರಿಸತೊಡಗುತ್ತದೆ, ಅಥವಾ ಏನೂ ಮಾಡದೆಯೇ ಬ್ಯಾಟರಿ ಬರಿದಾಗುತ್ತದೆ, ಇಲ್ಲವೇ ಪರದೆ ಇದ್ದಕ್ಕಿದ್ದಂತೆ ಕಪ್ಪಾಗುತ್ತದೆ. ಗ್ರಾಫಿಕ್ಸ್ ಚಿಪ್ ಹೋಗಿದೆ ಎಂದು ಒಬ್ಬರು, ಫಾರ್ಮ್ಯಾಟ್ ಮಾಡಿಸಿ ಎಂದು ಇನ್ನೊಬ್ಬರು ಹೇಳುತ್ತಾರೆ. ಕೊನೆಗೆ ಮೈಸೂರಿನ ಬಸ್ಸು ಹತ್ತುವುದಾಗುತ್ತದೆ.

ಎಷ್ಟೋ ಬಾರಿ ಯಂತ್ರದಲ್ಲಿ ಕೆಟ್ಟಿರುವುದು ಏನೂ ಇರುವುದಿಲ್ಲ. ತಲಕಾಡಿನ ಬಳಿಯ ಮಾಧವಮಂತ್ರಿ ಅಣೆಕಟ್ಟೆಯ ನಾಲೆಬಯಲಿನ ರೈತರಿಗೆ ಇದು ಬೇಗ ಅರ್ಥವಾದೀತು. ಹೊಳೆಯಲ್ಲಿ ನೀರಿದ್ದರೂ ಗದ್ದೆ ಒಣಗಿದರೆ ಅವರು ಹೊಳೆಯನ್ನು ದೂರುವುದಿಲ್ಲ. ಮೊದಲು ಹೋಗಿ ತೂಬು ನೋಡುತ್ತಾರೆ. ಲ್ಯಾಪ್‌ಟಾಪಿನಲ್ಲಿ ನೋಡಬೇಕಾದದ್ದೂ ತೂಬನ್ನೇ. ಆದರೆ ಈ ತೂಬು ಕಣ್ಣಿಗೆ ಕಾಣುವುದಿಲ್ಲ. ಹಿಂದೆ ಕಾಣುತ್ತಿತ್ತು, ಕೇಳಿಸುತ್ತಲೂ ಇತ್ತು. ಅದು ಹೇಗೆ ಮರೆಯಾಯಿತು ಎಂಬುದು ಮೂವತ್ತು ವರ್ಷಗಳ ಕಥೆ.

ಕಿವಿಗೆ ಕೇಳುತ್ತಿದ್ದ ಬದಲಾವಣೆ

ಕಂಪ್ಯೂಟರಿನ ಪರದೆಯ ಮೇಲೆ ಕಾಣುವುದೆಲ್ಲವೂ ಚುಕ್ಕಿಗಳ ಲೆಕ್ಕ. ಅಕ್ಷರ, ಅಂಕಿ ತೋರಿಸುವ ಲೆಕ್ಕ ಹಗುರ; ಆಳ, ನೆರಳು, ಚಲನೆಗಳಿರುವ ಮೂರು ಆಯಾಮದ ಚಿತ್ರದ ಲೆಕ್ಕ ಬಹಳ ಭಾರ. 1996ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ತ್ರೀಡಿಎಫ್‌ಎಕ್ಸ್ ಕಂಪೆನಿ ಈ ಭಾರದ ಲೆಕ್ಕಕ್ಕೆಂದೇ ‘ವೂಡೂ’ ಎಂಬ ಗ್ರಾಫಿಕ್ಸ್ ವ್ಯವಸ್ಥೆಯನ್ನು ಮಾರುಕಟ್ಟೆಗೆ ತಂದಿತು. ಅದಕ್ಕೆ ಅಕ್ಷರ ತೋರಿಸಲು ಬರುತ್ತಿರಲಿಲ್ಲ. ಆದ್ದರಿಂದ ಕಂಪ್ಯೂಟರಿನಲ್ಲಿ ಮೊದಲೇ ಇದ್ದ ಸಾಮಾನ್ಯ ಕಾರ್ಡನ್ನು ಹಾಗೆಯೇ ಉಳಿಸಿಕೊಂಡು, ಅದರ ಕೇಬಲನ್ನು ವೂಡೂ ಕಾರ್ಡಿಗೂ, ವೂಡೂ ಕಾರ್ಡಿನ ಕೇಬಲನ್ನು ಮಾನಿಟರಿಗೂ ಚುಚ್ಚಬೇಕಾಗಿತ್ತು.

ಆಟ ಶುರುವಾದಾಗ ಕಾರ್ಡಿನ ಮೇಲಿದ್ದ ರಿಲೇ ‘ಟಿಕ್’ ಎನ್ನುತ್ತಿತ್ತು. ಅಲ್ಲಿಯವರೆಗೆ ಹಳೆಯ ಕಾರ್ಡಿನ ಚಿತ್ರವನ್ನು ದಾಟಿಸುತ್ತಿದ್ದ ದಾರಿ ಮುಚ್ಚಿ ಹೊಸ ಕಾರ್ಡಿನ ದಾರಿ ತೆರೆಯುತ್ತಿತ್ತು. ಆಟ ಮುಗಿದರೆ ಮತ್ತೊಮ್ಮೆ ಅದೇ ಸದ್ದು. ಸದ್ದು ಕೇಳದಿದ್ದರೆ ಬದಲಾವಣೆ ಆಗಿಲ್ಲವೆಂದು ಯಾರಿಗೂ ತಿಳಿಯುತ್ತಿತ್ತು. ಕೇಬಲ್ ಸಡಿಲವಾಗಿದೆಯೇ ಎಂದು ಕೈಯಿಂದಲೇ ನೋಡಬಹುದಿತ್ತು. ಮುಂದೆ ಒಂದೇ ಕಾರ್ಡು ಎರಡೂ ಕೆಲಸ ಮಾಡುವಂತಾಯಿತು. 2000ದ ಕೊನೆಯಲ್ಲಿ ತ್ರೀಡಿಎಫ್‌ಎಕ್ಸ್‌ನ ಆಸ್ತಿಯನ್ನು ಅದರ ಪ್ರತಿಸ್ಪರ್ಧಿ ಎನ್ವಿಡಿಯಾ ಕೊಂಡುಕೊಂಡಿತು. ಮೇಜಿನ ಮೇಲಿನ ಕಂಪ್ಯೂಟರಿನ ಮಟ್ಟಿಗೆ ತೂಬಿನ ಪ್ರಶ್ನೆ ಅಲ್ಲಿಗೆ ಮುಗಿದಂತಿತ್ತು.

ಬ್ಯಾಟರಿ ತಂದಿಟ್ಟ ಸಂಕಟ

ಪ್ರಶ್ನೆ ಮತ್ತೆ ಎದ್ದದ್ದು ಲ್ಯಾಪ್‌ಟಾಪಿನಲ್ಲಿ. ಗೋಡೆಯ ಕರೆಂಟಿನಿಂದ ನಡೆಯುವ ಯಂತ್ರಕ್ಕಿಲ್ಲದ ಮಿತಿ ಬ್ಯಾಟರಿಯಿಂದ ನಡೆಯುವುದಕ್ಕಿದೆ. ಭಾರದ ಲೆಕ್ಕ ಮಾಡುವ ಚಿಪ್ ಸದಾ ಎಚ್ಚರವಿದ್ದರೆ ಬ್ಯಾಟರಿ ಉಳಿಯದು, ಯಂತ್ರವೂ ಬಿಸಿಯಾಗುತ್ತದೆ. ಹೀಗಾಗಿ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್‌ಗಳು ಒಟ್ಟಿಗೆ ಬಾಳತೊಡಗಿದವು. ಒಂದು, ಯಂತ್ರದ ಮುಖ್ಯ ಭಾಗಗಳೊಡನೆ ಕೂಡಿಕೊಂಡೇ ಬರುವ, ಮಿತವಾಗಿ ವಿದ್ಯುತ್ ಬಳಸುವ ಗ್ರಾಫಿಕ್ಸ್. ಇನ್ನೊಂದು, ಆಟಕ್ಕೂ ವಿಡಿಯೊಗೂ ಬೇಕಾದ ಬಲಶಾಲಿ ಗ್ರಾಫಿಕ್ಸ್. ಅಂಗಡಿಯವರು ಮೊದಲನೆಯದನ್ನು ಇಂಟಿಗ್ರೇಟೆಡ್ ಎಂದೂ ಎರಡನೆಯದನ್ನು ಡೆಡಿಕೇಟೆಡ್ ಎಂದೂ ಕರೆಯುತ್ತಾರೆ. ಅನುಕೂಲಕ್ಕೆ ಸಣ್ಣ ಚಿಪ್, ದೊಡ್ಡ ಚಿಪ್ ಎನ್ನಬಹುದು.

2006ರಲ್ಲಿ ಸೋನಿ ಕಂಪೆನಿಯ ವಾಯೊ ಎಸ್‌ಝಡ್ ಸರಣಿಯ ಲ್ಯಾಪ್‌ಟಾಪುಗಳಲ್ಲಿ ಇದಕ್ಕೆಂದೇ ಒಂದು ಸ್ವಿಚ್ ಇತ್ತು. ಒಂದು ಕಡೆಗೆ ಸರಿಸಿದರೆ ವೇಗ, ಇನ್ನೊಂದು ಕಡೆಗೆ ಸರಿಸಿದರೆ ಬ್ಯಾಟರಿಯ ಬಾಳಿಕೆ. ಆದರೆ ಮೊದಲ ಮಾದರಿಗಳಲ್ಲಿ ಸ್ವಿಚ್ ಸರಿಸಿದ ಮೇಲೆ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಬೇಕಿತ್ತು. 2008ರ ಆಪಲ್ ಮ್ಯಾಕ್‌ಬುಕ್ ಪ್ರೊದಲ್ಲಿ ಅಷ್ಟು ಕಷ್ಟವಿರಲಿಲ್ಲ. ತೆರೆದ ಕೆಲಸವನ್ನೆಲ್ಲ ಮುಚ್ಚಿ ಲಾಗ್‌ಔಟ್ ಆಗಿ ಮತ್ತೆ ಒಳಬಂದರೆ ಸಾಕಿತ್ತು. ಬೇಸರದ ಕೆಲಸವೇ ಸರಿ. ಆದರೆ ಆಗಲೂ ತೂಬಿನ ಹಿಡಿ ಬಳಸುವವನ ಕೈಯಲ್ಲೇ ಇತ್ತು.

ತೂಬು ಮರೆಯಾದದ್ದು

2010ರ ಫೆಬ್ರುವರಿಯಲ್ಲಿ ಎನ್ವಿಡಿಯಾ ‘ಆಪ್ಟಿಮಸ್’ ಎಂಬ ಉಪಾಯವನ್ನು ಪ್ರಕಟಿಸಿತು. ಸ್ವಿಚ್ ಸರಿಸುವ, ಯಂತ್ರ ಆರಿಸುವ ಗೊಡವೆಯೇ ಬೇಡ. ಯಾವ ಪ್ರೋಗ್ರಾಂ ತೆರೆಯಿತೆಂದು ನೋಡಿ ತಂತ್ರಾಂಶವೇ ನಿರ್ಧರಿಸುತ್ತದೆ ಎಂಬುದು ಅದರ ಆಶ್ವಾಸನೆ. ಇಲ್ಲಿ ನಡೆದ ಮುಖ್ಯ ಬದಲಾವಣೆಯನ್ನು ಗಮನಿಸಬೇಕು. ಪರದೆಗೆ ಹೋಗುವ ದಾರಿಯನ್ನು ಶಾಶ್ವತವಾಗಿ ಸಣ್ಣ ಚಿಪ್ಪಿಗೇ ಜೋಡಿಸಲಾಯಿತು. ದೊಡ್ಡ ಚಿಪ್ ತಾನು ರಚಿಸಿದ ಚಿತ್ರವನ್ನು ಕಂಪ್ಯೂಟರಿನ ಸಾಮಾನ್ಯ ಮೆಮೊರಿಗೆ ನಕಲು ಮಾಡುತ್ತದೆ. ಸಣ್ಣ ಚಿಪ್ ಅದನ್ನು ಎತ್ತಿಕೊಂಡು ಪರದೆಗೆ ಕಳಿಸುತ್ತದೆ. ಕಪಿಲೆಯ ನೀರು ಕಾವೇರಿಯ ಹೆಸರಿನಲ್ಲಿ ಹರಿದಂತೆ, ದೊಡ್ಡ ಚಿಪ್ಪಿನ ಶ್ರಮ ಸಣ್ಣ ಚಿಪ್ಪಿನ ಮೂಲಕವೇ ಕಣ್ಣಿಗೆ ಬೀಳುತ್ತದೆ.

ನಕಲಿಗೂ ಒಂದು ಬೆಲೆ ಇದೆ. ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿಗಳಿರುವ ಪರದೆಯಲ್ಲಿ ಒಟ್ಟು 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳು. ಚುಕ್ಕಿಗೆ 4 ಬೈಟಿನಂತೆ ಲೆಕ್ಕ ಹಿಡಿದರೆ ಸೆಕೆಂಡಿಗೆ 60 ಚಿತ್ರಗಳಿಗೆ ಸುಮಾರು 50 ಕೋಟಿ ಬೈಟ್‌ಗಳು ಈ ಕಾಲುವೆಯಲ್ಲಿ ಹರಿಯಬೇಕು. ಈಗಿನ ಗೇಮಿಂಗ್ ಪರದೆಗಳು ಸೆಕೆಂಡಿಗೆ 144 ಚಿತ್ರಗಳನ್ನು ತೋರಿಸಬಲ್ಲವು. ಆಗ ಅದು 120 ಕೋಟಿಯ ಹತ್ತಿರ ಬರುತ್ತದೆ. ವೇಗ ಹೆಚ್ಚಿದಂತೆಲ್ಲ ಈ ಸುತ್ತುದಾರಿ ಭಾರವಾಗುತ್ತದೆ.

ಅದೇ ಹೊತ್ತಿಗೆ, 2010 ಮತ್ತು 2011ರಲ್ಲಿ, ಇಂಟೆಲ್ ತನ್ನ ಪ್ರೊಸೆಸರಿನೊಡನೆಯೇ ಗ್ರಾಫಿಕ್ಸನ್ನು ಸೇರಿಸಿ ಕೊಡತೊಡಗಿತು. ದೊಡ್ಡ ಚಿಪ್ ಇರುವ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಸಣ್ಣದೂ ತಾನೇ ತಾನಾಗಿ ಬಂದು ಕುಳಿತಿತು. ಎರಡು ಹೊಳೆಗಳ ಸಂಸಾರ ಹೀಗೆ ಎಲ್ಲರ ಮನೆಗೂ ಬಂತು.

ಬಹಳ ಜನರಿಗೆ ಇದು ವರವೇ ಆಯಿತು. ತೊಂದರೆ ಮೊದಲು ಎದ್ದು ಕಂಡದ್ದು ಲಿನಕ್ಸ್ ಬಳಸುವವರಲ್ಲಿ. ನಿರ್ಧಾರ ಮಾಡುವ ತಂತ್ರಾಂಶ ವಿಂಡೋಸ್‌ಗಾಗಿ ಬರೆದದ್ದಾದ್ದರಿಂದ ಲಿನಕ್ಸ್‌ನಲ್ಲಿ ದೊಡ್ಡ ಚಿಪ್ ಸುಮ್ಮನೆ ಬ್ಯಾಟರಿ ಕುಡಿಯುತ್ತ ಕುಳಿತಿರುತ್ತಿತ್ತು. 2011ರಲ್ಲಿ ಸ್ವಯಂಸೇವಕರು ‘ಬಂಬಲ್‌ಬೀ’ ಎಂಬ ಬದಲಿ ವ್ಯವಸ್ಥೆ ಕಟ್ಟಿದರು. ಅದನ್ನು ಅಳವಡಿಸುವ ಆಜ್ಞೆಗಳ ಪಟ್ಟಿಯಲ್ಲಿ ತಪ್ಪಿ ಬಿದ್ದ ಒಂದೇ ಒಂದು ಖಾಲಿ ಜಾಗದಿಂದಾಗಿ, ಒಂದು ಕಡತವನ್ನು ಅಳಿಸಬೇಕಾದ ಆಜ್ಞೆ ಪ್ರೋಗ್ರಾಂಗಳಿರುವ ಇಡೀ ಉಗ್ರಾಣವನ್ನೇ ಅಳಿಸುವಂತಾಗಿ, ಆ ಪ್ರಮಾದ ಪ್ರಸಿದ್ಧವಾಯಿತು. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಸಭೆಯಲ್ಲಿ ಸಭಿಕರೊಬ್ಬರು ತಮ್ಮ ಆಪ್ಟಿಮಸ್ ಲ್ಯಾಪ್‌ಟಾಪಿನ ಪಾಡನ್ನು ಲಿನಕ್ಸ್‌ನ ಜನಕ ಲಿನಸ್ ಟೋರ್ವಾಲ್ಡ್ಸ್ ಮುಂದಿಟ್ಟರು. ಎನ್ವಿಡಿಯಾದ ಅಸಹಕಾರದ ಬಗ್ಗೆ ಅವರು ವೇದಿಕೆಯಲ್ಲೇ ತೋರಿದ ಸಿಟ್ಟು ಜಗತ್ತಿಗೆಲ್ಲ ಸುದ್ದಿಯಾಯಿತು. ಚಿಪ್ಪಿನ ಕೆಲಸವನ್ನು ಪ್ರೋಗ್ರಾಂಗಳಿಗೆ ಹಂಚುವ ಅನುಕೂಲವನ್ನು ಎನ್ವಿಡಿಯಾ ತನ್ನ ಲಿನಕ್ಸ್ ಡ್ರೈವರಿನಲ್ಲಿ ಒದಗಿಸಿದ್ದು 2019ರಲ್ಲಿ.

ಮೊದಲು ತೂಬು ನೋಡಿ

ಈ ಇತಿಹಾಸ ತಿಳಿದವರಿಗೆ ದುರಸ್ತಿಯ ದಾರಿ ತಾನಾಗಿ ಹೊಳೆಯುತ್ತದೆ. ದೊಡ್ಡ ಚಿಪ್ಪಿನ ತಂತ್ರಾಂಶವನ್ನು ತೆರೆದಾಗ, ಪರದೆ ಈ ಚಿಪ್ಪಿಗೆ ಜೋಡಿಸಿಲ್ಲ ಎಂಬರ್ಥದ ಸಂದೇಶ ಬಂದರೆ ಹೆದರಬೇಕಾಗಿಲ್ಲ. ಅದು ದೋಷವಲ್ಲ; ಆಪ್ಟಿಮಸ್ ಯಂತ್ರದ ಕಟ್ಟೋಣವೇ ಹಾಗೆ. ದೊಡ್ಡದೊಂದೇ ಸಾಕೆಂದು ಡಿವೈಸ್ ಮ್ಯಾನೇಜರಿಗೆ ಹೋಗಿ ಸಣ್ಣ ಚಿಪ್ಪನ್ನು ನಿಷ್ಕ್ರಿಯಗೊಳಿಸುವುದು ಅನೇಕರು ಮಾಡುವ ತಪ್ಪು. ಪರದೆಗಿದ್ದ ದಾರಿಯನ್ನೇ ಮುಚ್ಚಿದಂತಾಗಿ ಇದ್ದ ವೇಗವೂ ಹೋಗುತ್ತದೆ.

ಆಟ ತಡವರಿಸಿದರೆ ಮೊದಲು ಚಾರ್ಜರ್ ಚುಚ್ಚಿ ನೋಡಬೇಕು. ಬ್ಯಾಟರಿಯಲ್ಲಿರುವಾಗ ದೊಡ್ಡ ಚಿಪ್ಪಿಗೆ ಸಿಗುವ ವಿದ್ಯುತ್ತನ್ನು ತಯಾರಕರು ಬೇಕೆಂದೇ ಕಡಿಮೆ ಮಾಡಿರುತ್ತಾರೆ. ಕರೆಂಟು ಹೋದ ಸಂಜೆ ಆಟ ನಿಧಾನವಾಗುವುದು ರೋಗವಲ್ಲ. ಬಳಿಕ ಆಟ ನಡೆಯುತ್ತಿರುವಾಗಲೇ ಟಾಸ್ಕ್ ಮ್ಯಾನೇಜರ್ ತೆರೆಯಬೇಕು. 2017ರಿಂದೀಚೆಗೆ ವಿಂಡೋಸ್ 10 ಮತ್ತು ನಂತರದ ಆವೃತ್ತಿಗಳಲ್ಲಿ ಎರಡೂ ಚಿಪ್‌ಗಳ ದುಡಿಮೆ ಅಲ್ಲಿ ಬೇರೆಬೇರೆಯಾಗಿ ಕಾಣುತ್ತದೆ. ಸಣ್ಣದು ಏದುಸಿರು ಬಿಡುತ್ತಿದ್ದು ದೊಡ್ಡದು ಮಲಗಿದ್ದರೆ ತೂಬು ತಪ್ಪಿದೆ ಎಂದರ್ಥ. 2018ರಿಂದ ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿಯೇ ಯಾವ ಪ್ರೋಗ್ರಾಂಗೆ ಯಾವ ಚಿಪ್ ಎಂದು ಗೊತ್ತುಮಾಡಬಹುದು. ಆಟವನ್ನು ತೆರೆದುಕೊಡುವ ಲಾಂಚರಿಗೆ ಅನುಮತಿ ಕೊಟ್ಟು ನಿಜವಾದ ಆಟವನ್ನು ಮರೆಯುವುದು ಇಲ್ಲಿ ಆಗುವ ಸಾಮಾನ್ಯ ಎಡವಟ್ಟು.

ಯಂತ್ರಾಂಶಕ್ಕೂ ವಿಂಡೋಸ್‌ಗೂ ನಡುವೆ ದುಭಾಷಿಯಂತಿರುವ ಡ್ರೈವರುಗಳು ಎರಡು ಚಿಪ್‌ಗಳಿಗೂ ಬೇಕು. ವಿಂಡೋಸ್ ತಾನಾಗಿ ಒಂದನ್ನು ಬದಲಾಯಿಸಿ ಇನ್ನೊಂದರೊಡನೆ ಅದರ ಹೊಂದಿಕೆ ತಪ್ಪುವುದುಂಟು. ಆಗ ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಆ ಮಾದರಿಯ ಎರಡೂ ಡ್ರೈವರುಗಳನ್ನು ತಂದು ಹೊಸದಾಗಿ ಹಾಕುವುದು ಫಾರ್ಮ್ಯಾಟ್ ಮಾಡಿಸುವುದಕ್ಕಿಂತ ಮೊದಲು ಮಾಡಬೇಕಾದ ಕೆಲಸ. ಬ್ಯಾಟರಿ ಬೇಗ ಬರಿದಾದರೆ ದೊಡ್ಡ ಚಿಪ್ಪನ್ನು ಎಬ್ಬಿಸಿಟ್ಟಿರುವ ಪ್ರೋಗ್ರಾಂ ಯಾವುದೆಂದು ಹುಡುಕಬೇಕು. ಹೊರಗಿನ ಮಾನಿಟರ್ ಜೋಡಿಸಿದ್ದರೆ ಅದೂ ಕಾರಣವಿರಬಹುದು, ಏಕೆಂದರೆ ಕೆಲವು ಮಾದರಿಗಳಲ್ಲಿ ಎಚ್‌ಡಿಎಂಐ ಕಿಂಡಿ ನೇರವಾಗಿ ದೊಡ್ಡ ಚಿಪ್ಪಿಗೇ ಸೇರಿರುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ದೊಡ್ಡ ಚಿಪ್ ಯಾವ ಪಟ್ಟಿಯಲ್ಲೂ ಕಾಣದಿದ್ದರೆ, ಅಥವಾ ಲ್ಯಾಪ್‌ಟಾಪಿನ ಪರದೆಯಲ್ಲೂ ಹೊರಗಿನ ಮಾನಿಟರಿನಲ್ಲೂ ಒಂದೇ ಬಗೆಯ ಗೆರೆ, ಚುಕ್ಕೆ ಕಂಡರೆ, ಆಗ ಚಿಪ್ಪನ್ನೇ ಶಂಕಿಸಲು ಕಾರಣವಿದೆ. ಮೈಸೂರಿನ ಬಸ್ಸು ಹತ್ತುವ ಹೊತ್ತು ಅದು.

ಹಿಡಿ ಮತ್ತೆ ಕೈಗೆ

ಸೋಜಿಗವೆಂದರೆ, ಹತ್ತು ವರ್ಷ ಮರೆಯಾಗಿದ್ದ ತೂಬು ಈಗ ಹಿಂದಿರುಗಿದೆ. ಪರದೆಯ ದಾರಿಯನ್ನು ಒಂದು ಚಿಪ್ಪಿನಿಂದ ಇನ್ನೊಂದಕ್ಕೆ ತಿರುಗಿಸುವ ‘ಮಕ್ಸ್’ ಎಂಬ ಸ್ವಿಚ್ ಅನೇಕ ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಮತ್ತೆ ಬರುತ್ತಿದೆ. ಹೈಬ್ರಿಡ್ ಎಂದು ಆರಿಸಿದರೆ ಹಳೆಯ ಸಂಗಮದ ದಾರಿ. ಡಿಸ್ಕ್ರೀಟ್ ಎಂದರೆ ದೊಡ್ಡ ಚಿಪ್ಪಿಗೆ ನೇರ ದಾರಿ. ಸಾಮಾನ್ಯವಾಗಿ ಯಂತ್ರವನ್ನು ಆರಿಸಿ ಹೊತ್ತಿಸಬೇಕು, ಥೇಟ್ 2006ರಂತೆಯೇ. 2020ರಲ್ಲಿ ಎನ್ವಿಡಿಯಾ ಪ್ರಕಟಿಸಿದ ‘ಅಡ್ವಾನ್ಸ್ಡ್ ಆಪ್ಟಿಮಸ್’ ಇರುವ ಮಾದರಿಗಳಲ್ಲಿ ಮಾತ್ರ ಆ ಕಷ್ಟವೂ ಇಲ್ಲ.

ಆದರೆ ಈ ಸ್ವಿಚ್ಚನ್ನು ಆಮೇಲೆ ಹಾಕಿಸಿಕೊಳ್ಳಲಾಗದು. ಯಾವ ಚಿಪ್ಪಿನಿಂದ ಪರದೆಗೆ ತಾಮ್ರದ ಗೆರೆ ಎಳೆಯಬೇಕೆಂಬುದು ಸರ್ಕ್ಯೂಟ್ ಬೋರ್ಡ್ ತಯಾರಾಗುವಾಗಲೇ ನಿರ್ಧಾರವಾಗಿಬಿಡುತ್ತದೆ. ಅಂಥ ಬೋರ್ಡುಗಳ ತಯಾರಿಕೆ ನಂಜನಗೂಡಿಗೆ ಹೊಸದಲ್ಲ. ಆಸ್ಟ್ರಿಯಾದ ಎಟಿ ಅಂಡ್ ಎಸ್ ಕಂಪೆನಿ 1999ರಲ್ಲಿ ಇಂಡಾಲ್ ಎಲೆಕ್ಟ್ರಾನಿಕ್ಸ್‌ನಿಂದ ಪಡೆದ ಕಾರ್ಖಾನೆ ಅಲ್ಲಿನ ಕೈಗಾರಿಕಾ ಪ್ರದೇಶದಲ್ಲೇ ಇದೆ. ಇಂಟೆಲ್, ಎನ್ವಿಡಿಯಾ, ಎಎಂಡಿಗಳ ವಿನ್ಯಾಸ ಕೇಂದ್ರಗಳು ಬೆಂಗಳೂರಿನಲ್ಲಿವೆ. ಇಷ್ಟಾಗಿಯೂ ಅಂಗಡಿಯ ಫಲಕದಲ್ಲಿ ಚಿಪ್ಪಿನ ಹೆಸರು ದಪ್ಪಕ್ಷರದಲ್ಲಿರುತ್ತದೆ. ಅದರಿಂದ ಪರದೆಗೆ ದಾರಿ ಹೇಗಿದೆ ಎಂಬುದು ಮಾತ್ರ ಎಷ್ಟೋ ಬಾರಿ ಇರುವುದಿಲ್ಲ.

ಸಾಲ ಮಾಡಿ ಕೊಳ್ಳುವ ಮನೆಯವರು ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಅದೇ. ಹೊಳೆ ದೊಡ್ಡದೆಂದು ಗದ್ದೆ ಕೊಳ್ಳುವವರು ತಿರುಮಕೂಡಲಿನಲ್ಲಿ ಯಾರೂ ಇಲ್ಲ; ತೂಬು ಎಲ್ಲಿದೆ, ಅದರ ಹಿಡಿ ಯಾರ ಕೈಯಲ್ಲಿದೆ ಎಂದು ಕೇಳಿಯೇ ಮುಂಗಡ ಕೊಡುತ್ತಾರೆ.